ಅವಧಾನಿಯೂ ಒಮ್ಮೆಗೆ ಒಂದನ್ನೇ ಮಾಡುತ್ತಾರೆ

ಎಲ್ಲರಿಗೂ ನಮಸ್ಕಾರ. ಇಷ್ಟನ್ನೆಲ್ಲ ಬೆರಳಿನಿಂದ ಒತ್ತಿ ಬರೆಯುವ ಸಹನೆ ನನಗಿಲ್ಲವಾದ್ದರಿಂದ ಮಾತಿನಲ್ಲೇ ಹೇಳುತ್ತಿದ್ದೇನೆ, ಸ್ವಲ್ಪ ಉದ್ದವಾದರೆ ಮನ್ನಿಸಿ. ಆಫೀಸಿನ ಮೀಟಿಂಗು, ಮಗುವಿನ ಹೋಂವರ್ಕು, ಒಲೆಯ ಮೇಲಿನ ಅಡುಗೆ ಮೂರನ್ನೂ ಒಟ್ಟಿಗೆ ಹಿಡಿದರೆ ಒಂದೂ ನೆಟ್ಟಗಾಗುವುದಿಲ್ಲವೆಂದು ನಿನ್ನೆ ನಮ್ಮ ಸೊಸೆ ಮನೆಯವರ ಈ ಗುಂಪಿನಲ್ಲಿ ಬರೆದಿದ್ದಳು. ಅದಕ್ಕೆ ಭಾವನವರು, ಎಂಟು ಜನರ ಸವಾಲುಗಳನ್ನು ವೇದಿಕೆಯ ಮೇಲೆ ಪದ್ಯ ಕಟ್ಟಿ ಎದುರಿಸುವ ನಮ್ಮ ಅಷ್ಟಾವಧಾನಿಗಳು ಏಕಕಾಲಕ್ಕೆ ಎಂಟು ಕೆಲಸ ಮಾಡುವುದಿಲ್ಲವೇ, ಅಭ್ಯಾಸವಿದ್ದರೆ ಎಲ್ಲವೂ ಸಾಧ್ಯ ಎಂದು ಉತ್ತರಿಸಿದ್ದರು. ಭಾವನವರೇ, ಎದುರಾಡುತ್ತಿದ್ದೇನೆಂದು ತಿಳಿಯಬೇಡಿ, ಆದರೆ ನೀವು ಕರೆತಂದ ಸಾಕ್ಷಿ ಅವಳ ಪರವಾಗಿಯೇ ಮಾತನಾಡುತ್ತಿದೆ.

ಅಷ್ಟಾವಧಾನವನ್ನು ನೆನಪಿಸಿಕೊಳ್ಳಿ. ಪೃಚ್ಛಕರು, ಎಂದರೆ ಪ್ರಶ್ನೆ ಕೇಳುವವರು, ಎಂಟು ಜನ ಕುಳಿತಿರುತ್ತಾರೆ ನಿಜ, ಆದರೆ ಅವರು ಒಬ್ಬರಾದ ಮೇಲೆ ಒಬ್ಬರು ಕೇಳುತ್ತಾರೆಯೇ ಹೊರತು ಎಲ್ಲರೂ ಒಟ್ಟಿಗೆ ಬಾಯಿ ತೆರೆಯುವುದಿಲ್ಲ. ಸಮಸ್ಯಾಪೂರ್ತಿಯವರು ಅರ್ಥವೇ ಕೂಡದಂತಹ ಒಂದು ಕೊನೆಯ ಸಾಲನ್ನು ಒಡ್ಡಿದಾಗ ಅವಧಾನಿ ಆ ಪದ್ಯದ ಒಂದು ಪಾದವನ್ನಷ್ಟೇ ಕಟ್ಟಿ, ಅದನ್ನು ಅಲ್ಲಿಗೇ ಬಿಟ್ಟು, ದತ್ತಪದಿಯವರು ಪದ್ಯದಲ್ಲಿ ಬಳಸಲೇಬೇಕೆಂದು ಕೊಟ್ಟ ನಾಲ್ಕು ಪದಗಳ ಕಡೆಗೆ ಪೂರ್ಣವಾಗಿ ತಿರುಗುತ್ತಾರೆ. ನಿಷೇಧಾಕ್ಷರಿಯಲ್ಲಂತೂ ಮುಂದಿನ ಅಕ್ಷರ ಯಾವುದು ಕೂಡದೆಂದು ಪೃಚ್ಛಕರು ತಡೆಯುತ್ತಲೇ ಇರುವುದರಿಂದ, ಆ ಹೊತ್ತಿನಲ್ಲಿ ಬೇರೊಂದನ್ನು ಯೋಚಿಸಲು ಎಡೆಯೇ ಇರುವುದಿಲ್ಲ. ಹೀಗೆ ನಾಲ್ಕು ಸುತ್ತುಗಳಲ್ಲಿ ಒಂದೊಂದೇ ಪಾದ ಸೇರುತ್ತಾ ಹೋಗಿ, ಕೊನೆಗೆ ಎಲ್ಲವನ್ನೂ ನೆನಪಿನಿಂದ ಒಪ್ಪಿಸುವ ಧಾರಣೆಯಲ್ಲಿ ಪದ್ಯಗಳೆಲ್ಲವೂ ಕಾಗದದ ನೆರವಿಲ್ಲದೆ ಇಡಿಯಾಗಿ ಹೊರಬರುತ್ತವೆ. ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ನಡೆಸಿದ ಶತಾವಧಾನಿ ಆರ್. ಗಣೇಶರನ್ನು ವೇದಿಕೆಯ ಮೇಲೆ ನೋಡಿದವರಿಗೆ ಇದು ತಿಳಿದೇ ಇದೆ. ಅಲ್ಲಿ ಬೆರಗುಗೊಳಿಸುವುದು ಎಂಟನ್ನು ಒಟ್ಟಿಗೆ ಮಾಡುವುದಲ್ಲ. ಅರ್ಧಕ್ಕೆ ಬಿಟ್ಟದ್ದನ್ನು ಬಿಟ್ಟ ಜಾಗದಿಂದಲೇ ಎತ್ತಿಕೊಳ್ಳುವುದು. ಛಂದಸ್ಸು ಆ ಜಾಗಕ್ಕೆ ಗುರುತು ಹಾಕಿಕೊಡುತ್ತದೆ.

ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ. ನಡುನಡುವೆ ಅಸಂಬದ್ಧ ಪ್ರಶ್ನೆ ಹಾಕಿ ಏಕಾಗ್ರತೆ ಕೆಡಿಸಲೆಂದೇ ಅಪ್ರಸ್ತುತ ಪ್ರಸಂಗಿಯೊಬ್ಬರನ್ನು ಅಲ್ಲಿ ಕೂರಿಸುತ್ತಾರೆ. ಅಡ್ಡಿಯಿಂದ ಕೆಲಸ ಕೆಡುತ್ತದೆಂದು ಹಿಂದಿನವರು ಬಲ್ಲವರಾಗಿದ್ದರಿಂದಲೇ ಅದನ್ನೊಂದು ಪರೀಕ್ಷೆಯನ್ನಾಗಿ ಮಾಡಿದರು. ಆದರೆ ಅಲ್ಲಿ ಆ ಪಾತ್ರಕ್ಕೆ ಇರುವವರು ಒಬ್ಬರೇ. ನಮ್ಮ ಸೊಸೆಯ ಮನೆಯಲ್ಲಿ ಫೋನು, ಬಾಗಿಲ ಬೆಲ್ಲು, ಮಗು, ಜೊತೆಗೆ ದಿನಕ್ಕೆ ನಲವತ್ತು ಸಂದೇಶ ಕಳಿಸುವ ನಮ್ಮ ಈ ಗುಂಪು, ಎಲ್ಲರೂ ಅಪ್ರಸ್ತುತ ಪ್ರಸಂಗಿಗಳೇ.

ಪ್ರಯೋಗಗಳು ಹೇಳುವುದೂ ಇದನ್ನೇ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ವಾಟ್ಸನ್ ಮತ್ತು ಸ್ಟ್ರೇಯರ್ ಎಂಬ ಮನೋವಿಜ್ಞಾನಿಗಳು 200 ಜನರನ್ನು ಕಾರು ಓಡಿಸುವ ಸಿಮ್ಯುಲೇಟರಿನಲ್ಲಿ ಕೂರಿಸಿ, ಜೊತೆಗೆ ಫೋನಿನಲ್ಲಿ ಲೆಕ್ಕವನ್ನೂ ನೆನಪಿನ ಪ್ರಶ್ನೆಯನ್ನೂ ಕೊಟ್ಟರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎರಡೂ ಕೆಲಸ ಕೆಡದಂತೆ ನಿಭಾಯಿಸಿದವರು ಕೇವಲ ಶೇಕಡಾ 2.5ರಷ್ಟು. ಅಂಥವರು ಇದ್ದಾರೆಂಬುದು ನಿಜ, ಆದರೆ ನಮ್ಮ ಮನೆಯವರೆಲ್ಲರೂ ಆ ಐದು ಜನರ ಸಾಲಿನವರೆಂದುಕೊಳ್ಳಲು ನನಗೆ ಧೈರ್ಯವಿಲ್ಲ.

ಹರಟೆ ಹೊಡೆಯುತ್ತಾ ಮಲ್ಲಿಗೆ ಕಟ್ಟುತ್ತಿದ್ದೆವಲ್ಲ ಎಂದು ಅಕ್ಕ ಕೇಳಬಹುದು. ಕಟ್ಟುತ್ತಿದ್ದೆವು, ಏಕೆಂದರೆ ಅದು ಬೆರಳಿಗೆ ರೂಢಿಯಾದ ಕೆಲಸ, ಮನಸ್ಸು ಹರಟೆಯಲ್ಲೇ ಇರುತ್ತಿತ್ತು. ಎಷ್ಟು ಮೊಳವಾಯಿತೆಂದು ಅಳೆಯುವ ಹೊತ್ತಿಗೆ ಮಾತ್ರ ಎಲ್ಲರೂ ಬಾಯಿ ಮುಚ್ಚುತ್ತಿದ್ದೆವು. ಕುಕ್ಕರಿನ ವಿಷಲ್ಲನ್ನು ಫೋನಿನಲ್ಲಿ ಮಾತನಾಡುತ್ತಾ ಎಣಿಸಿ, ಮೂರೋ ನಾಲ್ಕೋ ತಿಳಿಯದೆ ನಾನು ಬೇಳೆಯನ್ನು ಮುದ್ದೆ ಮಾಡಿದ್ದು ಒಂದೆರಡು ಸಲವಲ್ಲ.

ಆದ್ದರಿಂದ ಸೊಸೆಗೆ ಒಂದು ಮಾತು. ಮಗು ಕರೆದಾಗ ಏಳಲೇಬೇಕು, ಆದರೆ ಏಳುವ ಮೊದಲು ಕೆಲಸ ಎಲ್ಲಿಗೆ ನಿಂತಿತು, ಮುಂದೇನು ಮಾಡಬೇಕು ಎಂಬುದನ್ನು ಅರ್ಧ ಸಾಲಿನಲ್ಲಿ ಗೀಚಿಟ್ಟು ಏಳಮ್ಮ. ಭಾವನವರೇ, ನಿಮ್ಮಲ್ಲೊಂದು ಬಿನ್ನಹ: ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಈ ಗುಂಪಿನಲ್ಲಿ ಶುಭೋದಯದ ಚಿತ್ರಗಳನ್ನು ಕಳಿಸದಂತೆ ನೀವೇ ಎಲ್ಲರಿಗೂ ಹೇಳಿದರೆ ಒಳ್ಳೆಯದು, ನಿಮ್ಮ ಮಾತನ್ನಾದರೆ ಕೇಳುತ್ತಾರೆ.