ಮಾಳಿಗೆಯ ಮೇಲೆ 'ಕಂಪಾಸ್ ದೋಷ', ಹೊಲದಲ್ಲಿ ಗಿರಕಿ: ಡ್ರೋನ್‌ಗೆ ಏನಾಗಿದೆ?

ಪ್ರಶ್ನೆ (ಬ್ಯಾಡಗಿಯಿಂದ)
ಮೆಣಸಿನಕಾಯಿ ಹೊಲಗಳಿಗೆ ಔಷಧ ಸಿಂಪಡಿಸುವ ಡ್ರೋನ್ ಓಡಿಸುತ್ತೇನೆ. ಬದುವಿನಿಂದ ಹಾರಿಸಿದರೆ ಎಂದೂ ತಕರಾರಿರಲಿಲ್ಲ. ಮೊನ್ನೆ ಮನೆಯ ಆರ್‌ಸಿಸಿ ಮಾಳಿಗೆಯ ಮೇಲಿಟ್ಟು ಪರೀಕ್ಷಿಸಿದಾಗ 'ಕಂಪಾಸ್ ದೋಷ' ಎಂದು ಕೆಂಪಕ್ಷರ ಬಂತು. ಅಲ್ಲಿಯೇ ಕ್ಯಾಲಿಬ್ರೇಶನ್ (ಕಂಪಾಸ್ ಹೊಂದಿಸುವುದು) ಮಾಡಿದೆ, ಹೋಯಿತು. ಇಂದು ಬೆಳಿಗ್ಗೆ ಹೊಲದಲ್ಲಿ ಮೇಲೆತ್ತಿದರೆ ನಿಂತಲ್ಲಿ ನಿಲ್ಲದೆ ಗಾಣದ ಎತ್ತಿನಂತೆ ಸುತ್ತತೊಡಗಿತು. ಟ್ಯಾಂಕ್ ತುಂಬಾ ಔಷಧ, ಕೆಳಗೆ ಆಳುಗಳು. ಇಳಿಸುವಷ್ಟರಲ್ಲಿ ಕೈ ನಡುಗಿತು. ಕಂಪಾಸ್ ಬದಲಿಸಬೇಕೆ?

ಉತ್ತರ (ಧಾರವಾಡದಿಂದ)
ಬದಲಿಸಬೇಡ ತಮ್ಮಾ. ವಾಯುಪಡೆಯಲ್ಲಿ ವಿಮಾನದ ಉಪಕರಣಗಳ ರಿಪೇರಿಯಲ್ಲೇ ನನ್ನ ನೌಕರಿ ಕಳೆಯಿತು. ಈ ಕಾಟ ದೊಡ್ಡ ವಿಮಾನಗಳಿಗೂ ಇದೆ.

ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ, ಬಹಳ ದುರ್ಬಲ. ಗೇಣಳತೆಯಲ್ಲಿ ಕಬ್ಬಿಣದ ಸರಳುಗಳಿದ್ದರೆ ಅದು ವಕ್ರವಾಗುತ್ತದೆ. ಆದ್ದರಿಂದಲೇ ದೊಡ್ಡ ವಿಮಾನಗಳಲ್ಲಿ ದಿಕ್ಕಿನ ಸಂವೇದಕವನ್ನು ಸಾಮಾನ್ಯವಾಗಿ ರೆಕ್ಕೆಯ ತುದಿಯಲ್ಲೋ ಬಾಲದಲ್ಲೋ ಕೂರಿಸುತ್ತಾರೆ. ಹಾಗಿದ್ದೂ ಸರಳು ಹಾಕಿದ ಕಾಂಕ್ರೀಟಿನ ಮೇಲೆ ಸಾಗುವಾಗ ದಿಕ್ಕು ಕೆಲವೊಮ್ಮೆ ಜಾರುತ್ತದೆ, ನೆಲ ಬಿಟ್ಟ ಮೇಲೆ ಸರಿಯಾಗುತ್ತದೆ. ಹುಬ್ಬಳ್ಳಿಯ ರನ್‌ವೇ 08/26, ಅಂದರೆ ಅದರ ಎರಡು ದಿಕ್ಕುಗಳು ಸುಮಾರು 80 ಮತ್ತು 260 ಡಿಗ್ರಿ. ಪಶ್ಚಿಮಕ್ಕೆ ಮುಖ ಮಾಡಿ ನಿಂತ ವಿಮಾನದಲ್ಲಿ ಕಂಪಾಸ್ 260ರ ಆಸುಪಾಸು ತೋರಿಸಬೇಕು. ಓಟಕ್ಕೆ ಮುನ್ನ ಪೈಲಟ್ ಅದನ್ನು ತಾಳೆ ನೋಡುತ್ತಾನೆ.

ಕಂಪಾಸ್ ಹೊಂದಿಸಲು ಕಟ್ಟಡ, ಕೇಬಲ್, ವಾಹನ ಯಾವುದೂ ಹತ್ತಿರವಿಲ್ಲದ ಜಾಗ ಆರಿಸುತ್ತಿದ್ದೆವು. ಜೇಬಿನ ಕೀಲಿಕೈ, ಸ್ಪ್ಯಾನರ್ ಎಲ್ಲ ದೂರವಿಟ್ಟು, ವಿಮಾನವನ್ನು 30 ಡಿಗ್ರಿಗೊಮ್ಮೆ ತಿರುಗಿಸಿ 12 ದಿಕ್ಕುಗಳಲ್ಲಿ ಅಳೆದು, ಉಳಿದ ತಪ್ಪನ್ನು ಚೀಟಿಯಲ್ಲಿ ಬರೆದು ಕಂಪಾಸಿನ ಪಕ್ಕ ಹಚ್ಚುತ್ತಿದ್ದೆವು.

ಕ್ಯಾಲಿಬ್ರೇಶನ್ ವಿಮಾನದ ಸ್ವಂತ ಕಬ್ಬಿಣದ ಲೆಕ್ಕ ಹಿಡಿಯಲು ಇರುವುದು. ನೀನು ಮಾಳಿಗೆಯ ಸರಳುಗಳನ್ನೂ ಡ್ರೋನಿನ ಲೆಕ್ಕಕ್ಕೆ ಸೇರಿಸಿದೆ. ಹೊಲದಲ್ಲಿ ಆ ಸರಳುಗಳಿಲ್ಲ, ಲೆಕ್ಕ ಮಾತ್ರ ಉಳಿದಿದೆ. ಅದಕ್ಕೇ ದಿಕ್ಕು ತಪ್ಪಿ ಸುತ್ತಿತು. ಕೆಂಪಕ್ಷರ ಬಂದಲ್ಲಿ ಜಾಗ ಬದಲಿಸು, ಕ್ಯಾಲಿಬ್ರೇಶನ್ ಗುಂಡಿ ಒತ್ತಬೇಡ.

ಉತ್ತರ (ಗದಗದಿಂದ)
ಡ್ರೋನ್ ಒಯ್ಯುವ ಗಾಡಿಯನ್ನೂ ನೋಡಿಕೊಳ್ಳಿ. ನನ್ನ ಪಿಕಪ್‌ನಲ್ಲಿ ಸ್ಪೀಕರ್ ಪೆಟ್ಟಿಗೆಯ ಪಕ್ಕದಲ್ಲಿ ಇಡುತ್ತಿದ್ದೆ. ಅದರ ಅಯಸ್ಕಾಂತ ಸಾಕಷ್ಟು ತೊಂದರೆ ಕೊಟ್ಟಿತು.

ಬ್ಯಾಡಗಿಯಿಂದ ಮತ್ತೆ
ಕಾಕಾ, ಸಂಜೆ ಬೀಳು ಹೊಲದ ನಡುವೆ, ಗಾಡಿಯಿಂದ ದೂರ, ಮೊಬೈಲನ್ನೂ ಬದುವಿನ ಮೇಲಿಟ್ಟು ಹೊಸದಾಗಿ ಕ್ಯಾಲಿಬ್ರೇಶನ್ ಮಾಡಿದೆ. ಬರೀ ನೀರು ತುಂಬಿ ಆಳೆತ್ತರಕ್ಕೆ ಏರಿಸಿದೆ. ಐದು ನಿಮಿಷ ಅಲುಗದೆ ನಿಂತಿತು. ನಾಳೆ ಆಳುಗಳು ಬರುವ ಮೊದಲು ಇನ್ನೊಮ್ಮೆ ಹಾರಿಸಿ ನೋಡುತ್ತೇನೆ.