ಮಕ್ಕಳ ಕೈಲಿ ಫೋನು, ಗೆಳೆತನದ ಗತಿ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ ನಮ್ಮ ಜೊತೆ ಇರುವವರು ಹದಿಹರೆಯದ ಮಕ್ಕಳ ಆಪ್ತ ಸಮಾಲೋಚಕಿ. ಸ್ಮಾರ್ಟ್‌ಫೋನ್ ಬಂದಮೇಲೆ ಮಕ್ಕಳ ಸ್ನೇಹ ಬೆಳೆಯುತ್ತಾ, ಕೆಡುತ್ತಾ ಅನ್ನೋದು ವಿಷಯ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ತುಮಕೂರಿನ ಅಮ್ಮ: ಮೇಡಂ, ಮಗ 8ನೇ ಕ್ಲಾಸು. ಸ್ವಂತ ಫೋನ್ ಯಾವ ವಯಸ್ಸಿಗೆ ಕೊಡಬಹುದು?

ಸಮಾಲೋಚಕಿ: ವಾಟ್ಸಾಪ್, ಇನ್‌ಸ್ಟಾಗ್ರಾಮ್ ಕಂಪನಿಗಳೇ 13 ತುಂಬಿರಲಿ ಎನ್ನುತ್ತವೆ. ಅದಾದ ಮೇಲೆ ವಯಸ್ಸಿಗಿಂತ, ಫೋನ್ ಇಲ್ಲದೆ ಅವನಿಗೆ ಏನು ತಪ್ಪಿಹೋಗುತ್ತಿದೆ ಅಂತ ನೋಡಿ. ಏನೂ ಇಲ್ಲವಾದರೆ ಅವಸರ ಬೇಡ, ನಿಮ್ಮ ಫೋನಿನಲ್ಲೇ ಗೆಳೆಯರ ಹತ್ತಿರ ಮಾತಾಡಲಿ.

ಮಂಡ್ಯದ ಡಿಗ್ರಿ ಹುಡುಗ: ತಪ್ಪಿಹೋಗೋದು ಏನು ಅಂತ ನಾನು ಹೇಳ್ತೀನಿ. ಪಿಯುಸಿ ಮುಗಿಯೋವರೆಗೂ ನನ್ನ ಹತ್ರ ಫೋನ್ ಇರಲಿಲ್ಲ. ಒಂದಿನ ಪ್ರಾಕ್ಟಿಕಲ್ಸ್ ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ ಹಾಕಿದ್ರು, ಕ್ಲಾಸ್ ಗ್ರೂಪಲ್ಲಿ ಬಂದಿತ್ತು. 7 ಗಂಟೆ ಬಸ್ ಹಿಡಿದು ಹೋಗಿ ಲ್ಯಾಬ್ ಬೀಗ ನೋಡ್ಕೊಂಡು ಕೂತಿದ್ದೆ. ಎಲ್ಲರೂ ಬರ್ತ್‌ಡೇಗೆ ಸೇರಿದ್ದು ಮಾರನೇ ದಿನ ಗೊತ್ತಾಗೋದು. ಯಾರೂ ಬೇಕಂತ ಬಿಟ್ಟಿರಲಿಲ್ಲ, ಮರೆತಿರೋರು ಅಷ್ಟೆ. ಈಗ ಸಂಜೆ 5ಕ್ಕೆ ಗ್ರೌಂಡ್, ನೆಟ್ ಯಾರು ತರ್ತೀರ ಅಂತ ಗ್ರೂಪಿಗೆ ಬಂದ್ರೆ ಹನ್ನೆರಡು ಜನ ವಾಲಿಬಾಲ್ ಆಡ್ತೀವಿ.

ನಿವೃತ್ತ ಮೇಷ್ಟ್ರು: ನಮ್ಮ ಕಾಲದಲ್ಲಿ ಇದ್ಯಾವುದೂ ಬೇಕಿರಲಿಲ್ಲ ತಮ್ಮಾ. ಅರಳಿಕಟ್ಟೆ ಮೇಲೆ ಕೂತರೆ ಊರೆಲ್ಲ ಸಿಗುತ್ತಿತ್ತು. ಅದು ಸ್ನೇಹ.

ಮಂಡ್ಯದ ಡಿಗ್ರಿ ಹುಡುಗ: ಆ ಕಟ್ಟೆ ಮೇಲೆ ಹುಡುಗೀರು ಕೂರ್ತಿದ್ರಾ ಸರ್?

ಹಾವೇರಿ ಕಡೆಯ ಅಪ್ಪ: ನಮಸ್ಕಾರ್ರಿ ಮೇಡಂ. ಮಗಳಿಗೆ 17 ವರ್ಷ, ಹುಟ್ಟಿದಾಗಿಂದ ಕಿವಿ ಕೇಳಂಗಿಲ್ಲ, ಮಾತೂ ಇಲ್ಲ. ಎಸ್ಸೆಸ್ಸೆಲ್ಸಿತನಕ ಕಿವುಡ ಮಕ್ಕಳ ಹಾಸ್ಟೆಲ್ ಸಾಲ್ಯಾಗ ಓದಿದ್ಲು. ಮನಿಗೆ ಬಂದಮ್ಯಾಲ ಎಂಟ್ ತಿಂಗಳು ಪಡಸಾಲ್ಯಾಗ ಸುಮ್ನ ಕುಂತಿದ್ಲು. ದೀಪಾವಳಿಗೆ ಸೋದರಮಾವ ಸ್ಮಾರ್ಟ್‌ಫೋನ್ ಕೊಡಸಿದ್ರು. ಈಗ ದಿನಾ ರಾತ್ರಿ ಎಂಟರಿಂದ ಹತ್ತೂವರಿತನಕ ಫೋನು ಜ್ವಾಳದ ಹಿಟ್ಟಿನ ಡಬ್ಬಿಗೆ ಆನಸಿ ಇಟ್ಟು ಗೆಳತ್ಯಾರ ಜೋಡಿ ಕೈಲೆ ಮಾತಾಡ್ತಾಳ, ನಗ್ತಾಳ. ನಮ್ಮವ್ವ ಫೋನ್ ಕಸ್ಕೋ ಅಂತ ಗಂಟುಬಿದ್ದಾಳ. ದಿನಕ್ಕ ಒಂದ ತಾಸು ಅಂತ ಮಾಡ್ಲೇನ್ರಿ? ಹೋದ ವಾರ ಎರಡ ದಿನ ಊಟಾ ಬಿಟ್ಟಿದ್ಲು, ಯಾಕಂತ ತಿಳೀಲಿಲ್ಲ.

ಹಾಸನದ ಅಮ್ಮ: ಮಗ ಇಡೀ ದಿನ ಫೋನಲ್ಲೇ ಇರ್ತಾನೆ ಮೇಡಂ. ಎಷ್ಟು ಗಂಟೆ ಕೊಡಬಹುದು?

ಸಮಾಲೋಚಕಿ: ಹಾಸನದವರು ಮೊದಲು ಅವನು ಯಾರ ಜೊತೆ ಮಾತಾಡ್ತಾನೆ ಅಂತ ಹೇಳಿ. ಯಾರೂ ಇಲ್ಲ, ಬರೀ ರೀಲ್ಸ್ ಅಂದರೆ ಅದು ಬೇರೆ ಮಾತು.

ಹಾವೇರಿಯವರೇ, ಫೋನ್ ಕಸಿದುಕೊಳ್ಳಬೇಡಿ. ಒಂದು ತಾಸಿನ ಕಟ್ಟೂ ಬೇಡ. ನಿಮ್ಮ ಮನೆಯಲ್ಲಿ ಅವಳ ಭಾಷೆ ಯಾರಿಗೂ ಬರುವುದಿಲ್ಲ, ಅಲ್ಲವಾ? ವರ್ಷಗಟ್ಟಲೆ ಹಾಸ್ಟೆಲಿನಲ್ಲಿ ಜಗಳ, ಹರಟೆ, ಚಾಡಿ, ಎಲ್ಲವನ್ನೂ ಸನ್ನೆಯಲ್ಲೇ ಮಾಡಿದ ಹುಡುಗಿ. ಪರೀಕ್ಷೆ ಮುಗಿಸಿ ಬಂದಮೇಲೆ ಎಂಟು ತಿಂಗಳು ‘ಊಟ’, ‘ನೀರು’, ‘ಬಾ’ ಇಷ್ಟರಲ್ಲೇ ಬದುಕಿದ್ದಾಳೆ. ನಾವು ಕನ್ನಡ ಬಾರದ ಊರಿಗೆ ಹೋದರೂ ಫೋನಲ್ಲಿ ಅಮ್ಮನ ದನಿ ಕೇಳಬಹುದು. ಅವಳಿಗೆ ಅದೂ ಇರಲಿಲ್ಲ. ಕೀಪ್ಯಾಡ್ ಫೋನ್ ಅವಳ ಪಾಲಿಗೆ ಕಲ್ಲು. 1876ರಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದ ಗ್ರಹಾಂ ಬೆಲ್‌ನ ತಾಯಿಗೆ ಕಿವಿ ಬಹಳ ಮಂದ, ಕೈಹಿಡಿದವಳು ಪೂರ್ತಿ ಕಿವುಡಿ. ಮನೆಯವರಿಗೇ ಬಳಸಲು ಬಾರದ ಯಂತ್ರ ಮಾಡಿದ ಮಹಾನುಭಾವ! ವಾಟ್ಸಾಪಿಗೆ ವಿಡಿಯೊ ಕಾಲ್ ಬಂದದ್ದು 2016ರಲ್ಲಿ, ನಮ್ಮಲ್ಲಿ ಡೇಟಾ ಅಗ್ಗವಾದದ್ದೂ ಆಗಲೇ. ನಿಮ್ಮ ಮಗಳಂಥವರಿಗೆ ಟೆಲಿಫೋನ್ ಬಂದದ್ದು ಆವತ್ತು ಅನ್ನಿ.

ಡಬ್ಬಿಗೆ ಆನಿಸಿ ಇಡುವುದು ಯಾಕೆಂದರೆ ಸನ್ನೆಗೆ ಎರಡೂ ಕೈ ಬೇಕು. ಸೊಂಟದಿಂದ ಮೇಲೆ ಮುಖದವರೆಗೂ ಕಾಣಬೇಕು, ಹುಬ್ಬು ಏರಿಸುವುದರಲ್ಲೂ ಅರ್ಥ ಇರುತ್ತದೆ. ಬಲ್ಬು ಅವಳ ಬೆನ್ನ ಹಿಂದಿದ್ದರೆ ಕೈ ಕಪ್ಪಗೆ ಕಾಣುತ್ತದೆ, ಎದುರಿಗೆ ಹಾಕಿಸಿ. ಮನೆಯಲ್ಲಿ ನೆಟ್ ಚೆನ್ನಾಗಿ ಸಿಗುವ ಜಾಗ ಅವಳಿಗೆ ಬಿಡಿ. ಚಿತ್ರ ನಿಂತರೂ ನಮಗೆ ದನಿಯಾದರೂ ಕೇಳುತ್ತದೆ, ಅವಳಿಗೆ ಮಾತೇ ಹೋಯಿತು. ಹತ್ತೂವರೆಗೆ ಮುಗಿಸುತ್ತಾಳೆ ಅಂದರೆ ನಿದ್ದೆಗೂ ತೊಂದರೆಯಿಲ್ಲ.

ಮನೆಯವರೂ ಕಲಿಯಿರಿ. ದೆಹಲಿಯ ಭಾರತೀಯ ಸನ್ನೆಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು 2021ಕ್ಕೆ 10,000 ಪದ ಮುಟ್ಟಿದೆ, ವಿಡಿಯೊಗಳು ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ. ಅದಕ್ಕೂ ಮೊದಲು ಅವಳನ್ನೇ ಕೇಳಿ. ಅಜ್ಜಿಗೆ ದಿನಕ್ಕೆ ಎರಡು ಸನ್ನೆ ಅವಳೇ ಕಲಿಸಲಿ.

ನನ್ನನ್ನು ಕಾಡುತ್ತಿರುವುದು ನಿಮ್ಮ ಕೊನೆಯ ಸಾಲು. ಎರಡು ದಿನ ಊಟ ಬಿಟ್ಟವಳು ನಿಮಗೆ ಕಾರಣ ಹೇಳಿರುತ್ತಾಳೆ, ನಿಮಗೆ ತಿಳಿದಿರುವುದಿಲ್ಲ. ಯಾರಾದರೂ ಹೊಸಬರು ಕಾಲ್ ಮಾಡಿದ್ದರಾ? ವಿಡಿಯೊ ಕಾಲಿನ ಚಿತ್ರ ಹಿಡಿದಿಟ್ಟುಕೊಂಡು ದುಡ್ಡು ಕೇಳುವವರಿದ್ದಾರೆ. ಹಾಗಿದ್ದರೆ ಅವಳನ್ನು ಬೈಯದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅವಳ ಹಳೆ ಶಾಲೆಯ ಟೀಚರ್ ಒಬ್ಬರನ್ನು ವಿಡಿಯೊ ಕಾಲಿಗೆ ಕರೆದು, ಅವರ ಮೂಲಕ ಕೇಳಿಸಿ. ಇವತ್ತೇ ಕೇಳಿಸಿ.

ಮಸ್ಕತ್ ಕನ್ನಡಿಗ: ಮಗಳು ಇಲ್ಲಿ ಹುಟ್ಟಿದವಳು. ಫೋನ್ ಕೊಡಿಸಿದರೆ ಊರಿನ ಕಸಿನ್ಸ್ ಜೊತೆ ಬಾಂಧವ್ಯ ಉಳಿಯುತ್ತಾ ಮೇಡಂ?

ಆರೋಗ್ಯವೇ ಭಾಗ್ಯ: ಹಾವೇರಿ ಅಣ್ಣನವರೇ, ಬಂದಿದ್ದನ್ನು ಹಾಗೇ ಹಾಕಿದ್ದೇನೆ 🙏 ಬೆಳ್ಳುಳ್ಳಿ ಕಾಯಿಸಿದ ಎಳ್ಳೆಣ್ಣೆ 21 ದಿನ ಕಿವಿಗೆ ಬಿಟ್ಟರೆ ಹುಟ್ಟು ಕಿವುಡೂ ಗುಣ. ಫೋನ್ ಚಟಕ್ಕೆ: ಫೋನ್ ಕಿತ್ತುಕೊಂಡು 21 ದಿನ ಕೋಣೆಯಲ್ಲಿ ಬಿಟ್ಟು, ಒಂದೆಲಗದ ರಸ ಕೊಡಿ. ಹತ್ತು ಜನಕ್ಕೆ ಕಳಿಸಿ.

ಸಮಾಲೋಚಕಿ: ಕಿವಿಗೆ ಎಣ್ಣೆ ಬಿಡಬೇಡಿ. ಹುಟ್ಟಿನಿಂದ ಬಂದ ಕಿವುಡು ಹೆಚ್ಚಾಗಿ ಒಳಗಿವಿಯದು, ಎಣ್ಣೆ ಅಲ್ಲಿಗೆ ಹೋಗುವುದೇ ಇಲ್ಲ. ಕಿವಿಯ ತಮಟೆ ತೂತಾಗಿದ್ದರೆ ಕೀವಾಗುತ್ತದೆ. ಪರೀಕ್ಷೆ ಮಾಡಿಸಬೇಕಿದ್ದರೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿಗೆ ಹೋಗಿ. ಇನ್ನು ಮಕ್ಕಳನ್ನು ಕೋಣೆಯಲ್ಲಿ ಕೂಡಿಹಾಕುವುದು ಔಷಧಿ ಅಲ್ಲ, ಹಿಂಸೆ. ಫೋನ್ ಕಿತ್ತುಕೊಂಡ ರಾತ್ರಿ ಮಗು ‘ಬದುಕಿರಲ್ಲ’ ಅಂದರೆ ನಾಟಕ ಅಂತ ತಳ್ಳಿಹಾಕಬೇಡಿ. ಪಕ್ಕದಲ್ಲೇ ಕೂತು 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ಫೋನ್ ಮಾಡಿ. ಇಂಥ ಫಾರ್ವರ್ಡ್ ಇನ್ನೊಂದು ಬಂದರೆ ನಾನು ಎದ್ದು ಹೋಗುತ್ತೇನೆ.

ಆರೋಗ್ಯವೇ ಭಾಗ್ಯ: ಒಳ್ಳೇದಕ್ಕೆ ಹೇಳಿದ್ದು. ಆಯುರ್ವೇದಕ್ಕೆ ಬೆಲೆ ಇಲ್ಲ ಬಿಡಿ.

ಶಿವಮೊಗ್ಗದ ಆಯುರ್ವೇದ ವಿದ್ಯಾರ್ಥಿನಿ: ಇದನ್ನ ಆಯುರ್ವೇದ ಅಂತ ನಮ್ಮ ತಲೆಗೆ ಕಟ್ಟಬೇಡಿ.

ನಿವೃತ್ತ ಮೇಷ್ಟ್ರು: ಹುಡುಗೀರ ಮಾತು ತೆಗೆದ ಆ ಹುಡುಗನಿಗೆ ಹೇಳುತ್ತಿದ್ದೇನೆ. ಅವರಿಗೆ ಬಾವಿಕಟ್ಟೆ ಇತ್ತು. ಹಿರಿಯರಿಗೆ ಎದುರಾಡುವುದನ್ನು ಕಲಿಸಿದ್ದು ಈ ಫೋನೇ.

ಮಂಡ್ಯದ ಡಿಗ್ರಿ ಹುಡುಗ: ದಿನಾ ಬೆಳಗ್ಗೆ 5ಕ್ಕೆ ಗುಲಾಬಿ ಹೂವಿನ ಶುಭೋದಯ ಕಳಿಸೋರು ನೀವೇ ಅಲ್ವಾ ಸರ್? ಅದನ್ನ ಕಲಿಸಿದ್ದು ಯಾರು?

ನಿವೃತ್ತ ಮೇಷ್ಟ್ರು: ಅಡ್ಮಿನ್, ಇವನನ್ನು ತೆಗೆಯುತ್ತೀರೋ, ನಾನೇ ಹೋಗಲೋ?

ಹಾಸನದ ಅಮ್ಮ: ಮೇಷ್ಟ್ರೇ, ಮಕ್ಕಳ ಜೊತೆ ಏನು ಜಗಳ ನಿಮ್ಮದು. ಮೇಡಂ, ನನ್ನ ಮಗ ಆನ್‌ಲೈನ್ ಗೇಮಲ್ಲಿ ಪರಿಚಯವಾದ ನಾಲ್ಕು ಹುಡುಗರ ಜೊತೆ ಹೆಡ್‌ಫೋನ್ ಹಾಕ್ಕೊಂಡು ಮಾತಾಡ್ತಾನೆ. ಅವರು ಸ್ನೇಹಿತರು ಅಂತ ಲೆಕ್ಕಾನಾ?

ಗದಗಿನ ಚಿಕ್ಕಪ್ಪ: ಮೇಡಂ, ಸ್ವಂತ ಫೋನ್ ಯಾವ ವಯಸ್ಸಿಗೆ ಕೊಡಬೇಕ್ರಿ?

ಸಮಾಲೋಚಕಿ: ಮೇಲೆ ಬರೆದಿದ್ದೇನೆ.

ಚಿಕ್ಕಮಗಳೂರು: ಯಾವ ವಯಸ್ಸಿಗೆ ಫೋನ್ ಕೊಡಬಹುದು ಮೇಡಂ?

ಸಮಾಲೋಚಕಿ: ಮೇಲೆ ಓದಿ.

ಹಾವೇರಿ ಕಡೆಯ ಅಪ್ಪ: ಮೇಡಂ, ಸಾಲಿ ಟೀಚರ್ ಈಗ ವಿಡಿಯೊದಾಗ ಬಂದಿದ್ರು. ಹೊಸಬರು ಯಾರೂ ಅಲ್ರಿ. ಬಾಗಲಕೋಟಿ ಕಡೆ ಅಕಿ ಜೀವದ ಗೆಳತಿ ಇದ್ದಾಳ, ಅಕಿ ಫೋನ್ ಮನಿಯವ್ರು ಕಸಗೊಂಡಾರಂತ. ಇಕಿ ನಮಗ ಎರಡೂ ಕೈಲೆ ಮುಚ್ಚಿದಂಗ ಮಾಡಿ ತೋರಸ್ತಿದ್ಲು. ನಾವು ಬಾಗಲಾ ಹಾಕ್ರಿ ಅನ್ನಾಕತ್ಯಾಳ ಅಂತ ತಿಳದು ಬಾಗಲಾ ಹಾಕಿ ಬಂದ್ವಿ. ಎರಡೂ ದಿನ ಹಂಗ ಮಾಡಿದ್ವಿ. ಆ ಹುಡುಗಿ ಅಪ್ಪನ ಜೋಡಿ ನಾ ಮಾತಾಡ್ಲೇನ್ರಿ? ನಂಬರ್ ಟೀಚರ್ ಕೊಡಸ್ತಾರ.

ಸಮಾಲೋಚಕಿ: ಮಾತಾಡಿ. ಬುದ್ಧಿ ಹೇಳೋಕೆ ಹೋಗಬೇಡಿ. ಈಗ ಇಲ್ಲಿ ಬರೆದಿರಲ್ಲ, ಬಾಗಿಲು ಹಾಕಿ ಬಂದದ್ದು, ಅದನ್ನೇ ಹೇಳಿ. ಆ ಹುಡುಗಿಯ ತಾಯಿಯೂ ಕೇಳಿಸಿಕೊಳ್ಳಲಿ.

ಆರೋಗ್ಯವೇ ಭಾಗ್ಯ: ಫೋನಿನ ಹಿಂದೆ ಈ ಸ್ಟಿಕ್ಕರ್ ಅಂಟಿಸಿದರೆ ವಿಕಿರಣ ತಟ್ಟಲ್ಲ, 299 ರೂ ಮಾತ್ರ

ಅಡ್ಮಿನ್: ಆರೋಗ್ಯವೇ ಭಾಗ್ಯ ಅವರನ್ನು ತೆಗೆದಿದ್ದೇನೆ. ಮೇಷ್ಟ್ರೇ, ನೀವು ಹೋಗಬೇಡಿ.

ಹಾವೇರಿ ಕಡೆಯ ಅಪ್ಪ: ಹಚ್ಚೇನ್ರಿ. ರಿಂಗ್ ಆಗಾಕತ್ತೈತಿ.

ಮಸ್ಕತ್ ಕನ್ನಡಿಗ: ನನ್ನ ಪ್ರಶ್ನೆ ಯಾರಿಗೂ ಕಾಣಿಸಲಿಲ್ಲವಾ?