ಥಂಡಿಗೆ ಡೀಸೆಲ್ ಕಾರು ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಎಳೆದಾಡುತ್ತೆ, ದೇವಿಮನೆ ಘಟ್ಟದಲ್ಲಿ ಗಾಜು ಮಸುಕು – ಏನೇನು ನೋಡಿಸಬೇಕು?

ಹುಲೇಕಲ್ ಕಡೆಯವ

ಎಲ್ಲರಿಗೂ ನಮಸ್ಕಾರ. ಅಪ್ಪಯ್ಯನ ಚಿಕಿತ್ಸೆಗೆ ಆಗಾಗ ಶಿರಸಿ ಕಡೆಯಿಂದ ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕು. ಬೆಳಕು ಹರಿಯೋ ಮೊದಲೇ ಮನೆ ಬಿಡ್ತೇವೆ. ಕಾರು 2016ರ ಡೀಸೆಲ್ ಹ್ಯಾಚ್‌ಬ್ಯಾಕ್. ಮಳೆಗಾಲ ಮುಗಿಯೋ ತನಕ ಏನೂ ತಕರಾರಿರಲಿಲ್ಲ. ಈಗ ಬೆಳಗಿನ ಜಾವ ಕೀ ತಿರುಗಿಸಿದರೆ ಸ್ಟಾರ್ಟರ್ ತೀರಾ ನಿಧಾನಕ್ಕೆ ತಿರುಗುತ್ತೆ. ಎಂಜಿನ್ ಹತ್ತಿಕೊಂಡ ಮೇಲೆ ಬಿಳಿ ಹೊಗೆ, ಒಂದಿಷ್ಟು ಹೊತ್ತು ನಡುಕ. ಮಧ್ಯಾಹ್ನ ಇದೇ ಕಾರು ಮುಟ್ಟಿದರೆ ಸ್ಟಾರ್ಟ್. ಅಂಗಡಿಯಲ್ಲಿ ಹೊಸ ಬ್ಯಾಟರಿ ಹಾಕಿಸಿ ಅಂತಾರೆ, ಆದರೆ ಈಗಿರೋದೇ ಕಳೆದ ವರ್ಷದ್ದು.

ಇನ್ನೊಂದು, ಘಟ್ಟದ ಮೇಲಿನ ರಾಗಿಹೊಸಳ್ಳಿ ದಾಟೋ ಹೊತ್ತಿಗೆ ಮುಂದಿನ ಗಾಜು ಪೂರ್ತಿ ಮಂಜು. ಬಟ್ಟೆಯಲ್ಲಿ ಒರೆಸಿದರೆ ಒಂದು ತಿರುವು ಕಳೆಯೋದರೊಳಗೆ ಮತ್ತೆ ಹಾಗೇ. ಘಟ್ಟ ಇಳಿದು ಕತಗಾಲ ಬಂದ ಮೇಲೆ ಒರೆಸಿದರೂ ಹೋಗಲ್ಲ. ಅಪ್ಪಯ್ಯ ಮುಂದೆ ಕೂತಿರ್ತಾರೆ, ಗಾಳಿ ತಾಗಬಾರದು ಅಂತ ಎಸಿ ಹಾಕೋದಿಲ್ಲ. ತಿರುವಿನಲ್ಲಿ ಎದುರಿಗೆ ಲಾರಿ ಬಂದರೆ ಜೀವ ಕೈಯಲ್ಲಿ. ದಯವಿಟ್ಟು ದಾರಿ ಹೇಳಿ.

ಕಾಳಿ ತೀರ

ಅಣ್ಣಾ, ಬ್ಯಾಟರಿ ವಿಷಯ ಗೊತ್ತಿದ್ದವರು ಹೇಳ್ಲಿ. ಗಾಜಿಗೆ ಮಾತ್ರ ನಾನು ಒಳಗಾಳಿ ಬಟನ್ (ಕಾರಿನೊಳಗಿನ ಗಾಳಿಯನ್ನೇ ಸುತ್ತಿಸೋದು) ಒತ್ತಿಟ್ಟು ಎಸಿ ಫುಲ್ ಇಡ್ತೇನೆ, ನಮ್ಮ ಕಾರವಾರದಲ್ಲಿ ಕೆಲಸ ಮಾಡುತ್ತೆ.

ಹಳೇ ಗ್ಯಾರೇಜು

ಇಬ್ಬರಿಗೂ ಸೇರಿಸಿ ಹೇಳ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಒಂದು ಮಾತು. ಶಿರಸಿಯ ಚಳಿ ಅಂದರೆ ಬೆಳಗಿನ ಜಾವ 13–14 ಡಿಗ್ರಿ. ಇದು ಸುಸ್ಥಿತಿಯಲ್ಲಿರೋ ಡೀಸೆಲ್ ಎಂಜಿನ್ನಿಗೆ ಚಳಿಯೇ ಅಲ್ಲ. ಇಷ್ಟಕ್ಕೆ ಡೀಸೆಲ್ ಗಟ್ಟಿಯಾಗಲ್ಲ, ಕೂಲಂಟ್ ಹೆಪ್ಪುಗಟ್ಟಲ್ಲ. ನಾಲ್ಕು ತಿಂಗಳ ಮಳೆ ಮತ್ತು ಥಂಡಿ ಗಾಳಿ ಕಾರಿನಲ್ಲಿ ಎಲ್ಲೆಲ್ಲಿ ತುಕ್ಕು, ಒದ್ದೆ ಉಳಿಸಿ ಹೋಗಿದೆಯೋ ಅದು ಈಗ ಹೊರಗೆ ಬರ್ತಾ ಇದೆ. ಹಾಗಾಗಿ ಹೊಸ ಸಾಮಾನು ಹಾಕಿಸೋ ಮೊದಲು ಅದನ್ನು ಹುಡುಕಬೇಕು.

ಗಾಜಿನ ವಿಷಯ ಮೊದಲು, ಜೀವಕ್ಕೆ ಅಪಾಯ ಇರೋದು ಅಲ್ಲೇ. ನಿಮ್ಮದು ಒಂದು ಮಂಜಲ್ಲ, ಎರಡು. ರಾಗಿಹೊಸಳ್ಳಿ ಹತ್ತಿರ ಬರೋದು ಒಳಗಿಂದ: ನಿಮ್ಮೆಲ್ಲರ ಉಸಿರು ಮತ್ತು ಕಾರಿನೊಳಗಿನ ಒದ್ದೆ ತಣ್ಣಗಿನ ಗಾಜಿಗೆ ಕೂರುತ್ತೆ. ಘಟ್ಟ ಇಳಿದ ಮೇಲಿನದು ಹೊರಗಿಂದ. ಮೇಲಿನ ಚಳಿಯಲ್ಲಿ ತಣ್ಣಗಾದ ಗಾಜು ಕರಾವಳಿಯ ಬೆಚ್ಚಗಿನ ಹಸಿಗಾಳಿಗೆ ಹೋದ ಕೂಡಲೇ ಹೊರಮೈ ಬೆವರುತ್ತೆ. ಅದಕ್ಕೇ ಒಳಗೆ ಎಷ್ಟು ಒರೆಸಿದರೂ ಹೋಗಲ್ಲ. ಅಲ್ಲಿ ವೈಪರ್ ಒಂದು ಸಲ ಆಡಿಸಿ. ತಕ್ಷಣ ತಿಳಿಯಾದರೆ ಅದು ಹೊರಗಿನದ್ದು.

ಒಳಗಿನದಕ್ಕೆ: ಗಾಳಿ ಗಾಜಿನ ಕಡೆಗೆ, ಹೊರಗಾಳಿ ಒಳಗೆ ಬರೋ ಹಾಗೆ, ಬಿಸಿ ಗುಂಡಿ ಕೆಂಪಿನ ಕಡೆಗೆ, ಜೊತೆಗೆ ಎಸಿ ಆನ್. ಎಸಿ ಹಾಕಿದರೆ ಚಳಿ ಆಗುತ್ತೆ ಅನ್ನೋ ಭಯ ಬೇಡ. ಅದು ಗಾಳಿಯ ನೀರಿನಂಶ ತೆಗೆಯುತ್ತೆ, ಹೀಟರ್ ಅದನ್ನೇ ಬಿಸಿ ಮಾಡಿ ಕೊಡುತ್ತೆ. ಗಾಜಿನ ಕಡೆ ಇಟ್ಟರೆ ಅಪ್ಪಯ್ಯನ ಮೈಗೆ ನೇರ ತಾಗೋದೂ ಇಲ್ಲ. ಹೊರಗಿನದಕ್ಕೆ ವೈಪರ್, ಮತ್ತೆ ಗಾಜಿಗೆ ಬಿಸಿಗಾಳಿ.

ಕಾಳಿ ತೀರ ಅವರೇ, ಒಳಗಾಳಿ ಬಟನ್ ಒತ್ತಿಡೋದನ್ನು ನಾನು ಒಪ್ಪಲ್ಲ. ಎಸಿ ನಿಂತ ಕ್ಷಣ ಉಸಿರಿನ ಹಸಿ ಪೂರ್ತಿ ಒಳಗೇ ಸುತ್ತುತ್ತೆ. ತಂಪು ಜಾಸ್ತಿ ಇಟ್ಟರೆ ಕರಾವಳಿಯಲ್ಲಿ ಹೊರಗಾಜಿನ ಮಂಜೂ ಹೆಚ್ಚಾಗುತ್ತೆ.

ಆದರೂ ಒಂದು ತಿರುವಿನೊಳಗೆ ಗಾಜು ಮುಚ್ಚೋದು ಬರೀ ಉಸಿರಿನಿಂದ ಅಲ್ಲ. ಹುಲೇಕಲ್ ಅಣ್ಣಾ, ಮ್ಯಾಟ್ ಎತ್ತಿ ಅಡಿಯ ಕಾರ್ಪೆಟ್ ಕೈಯಲ್ಲಿ ಒತ್ತಿ ನೋಡಿ. ಬಾನೆಟ್ ಎತ್ತಿ, ಗಾಜಿನ ಬುಡದ ಕಪ್ಪು ಜಾಲರಿಯ ಕೆಳಗೆ ಎಲೆ ಕೊಳೆತು ಗೊಬ್ಬರ ಆಗಿದೆಯಾ ನೋಡಿ. ನೀರು ಹೋಗೋ ತೂತು ಮುಚ್ಚಿದರೆ ಅದು ಕಾರಿನೊಳಗೇ ಇಳಿಯುತ್ತೆ. ಎಸಿ ಫಿಲ್ಟರ್ ಬೂಸ್ಟು ಹಿಡಿದಿದ್ದರೆ ಬದಲಿಸಿ. ಡಿಕ್ಕಿಯಲ್ಲಿ ಏನು ಒಯ್ತೀರಿ?

ಈಗ ಸ್ಟಾರ್ಟಿಂಗ್. ವೋಲ್ಟ್, ಓಮ್ ಅಳೆಯೋ ಒಂದು ಮಲ್ಟಿಮೀಟರ್ ಬೇಕು. ರಾತ್ರಿಯಿಡೀ ನಿಂತ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಹತ್ತಿರ ಇದ್ದರೆ ಪೂರ್ತಿ ಚಾರ್ಜ್, 12.2 ಅಂದರೆ ಅರ್ಧ. ಸ್ಟಾರ್ಟರ್ ತಿರುಗೋವಾಗ 9.6ಕ್ಕಿಂತ ಕೆಳಗೆ ಹೋಗಬಾರದು. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಬೇರೆಯವರಿಂದ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಬರೋ ದಾರಿ, ಕೆಟ್ಟಿದೆ. ಮೂರೂ ಅಂಕಿ ಇಲ್ಲಿ ಹಾಕಿ. ಸೆಲ್ಫ್ ಹೊಡೆಯೋವಾಗ ಹೆಡ್‌ಲೈಟ್ ಮಂಕಾಗುತ್ತಾ, ಅದನ್ನೂ ಹೇಳಿ.

ಹುಲೇಕಲ್ ಕಡೆಯವ

ಬಹಳ ಉಪಕಾರ ಆಯ್ತು. ಬೆಳಿಗ್ಗೆ ನೋಡಿದೆ. ನಿಂತಾಗ 12.5. ಸೆಲ್ಫ್ ಹೊಡೆದಾಗ 11.2. ಮೈನಸ್‌ನಿಂದ ಎಂಜಿನ್ನಿಗೆ 1.8! ಹೆಡ್‌ಲೈಟ್ ಅಷ್ಟೇನೂ ಮಂಕಾಗಲಿಲ್ಲ.

ಡಿಕ್ಕಿಯಲ್ಲಿ ಹಸಿ ಗೋಟಡಿಕೆ ಚೀಲ ಇದ್ದವು. ಈಗ ಅಡಿಕೆ ಗೊನೆ ಕೊಯ್ಯೋ ಕಾಲ, ತೋಟದಿಂದ ಮನೆಗೆ ಕಾರಲ್ಲೇ ತರ್ತೇವೆ. ಎಡಬದಿ ಕಾರ್ಪೆಟ್ ಒತ್ತಿದರೆ ನೀರು ಬಂತು. ಜಾಲರಿ ಅಡಿಯಿಂದ ಹಲಸಿನೆಲೆ ಕಪ್ಪು ರಾಡಿ ಮುಷ್ಟಿಗಟ್ಟಲೆ ತೆಗೆದೆ.

ಹಳೇ ಗ್ಯಾರೇಜು

ಗಾಜಿನ ಕಾರಣ ಸಿಕ್ಕಿತು. ಹಸಿ ಚೀಲ ರಾತ್ರಿ ಕಾರಲ್ಲಿ ಬಿಡಬೇಡಿ, ಸೀಟ್ ಬಿಚ್ಚಿಸಿ ಕಾರ್ಪೆಟ್ ಬಿಸಿಲಿಗೆ ಹಾಕಿಸಿ. ಮೇಲೆ ಒಣಗಿದ ಹಾಗೆ ಕಂಡರೂ ಅಡಿಯ ಸ್ಪಂಜು ವಾರಗಟ್ಟಲೆ ಒದ್ದೆ ಇರುತ್ತೆ. ಇನ್ನೊಂದು, ಮೈಲುತುತ್ತದ ಚೀಲ ಇದೇ ಡಿಕ್ಕಿಯಲ್ಲಿ ತರೋದಿದ್ದರೆ ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಸಿ, ನೀರು ತಾಗಿದರೆ ಅದು ತಗಡು ತಿನ್ನುತ್ತೆ.

ಬ್ಯಾಟರಿ ಖಂಡಿತ ಬದಲಿಸಬೇಡಿ. ಅದು 11.2ರಲ್ಲಿ ಗಟ್ಟಿ ನಿಂತಿದೆ, ಲೈಟೂ ಮಂಕಾಗಿಲ್ಲ, ಆದರೂ ಸ್ಟಾರ್ಟರ್ ನಿಧಾನ ಅಂದರೆ ಕರೆಂಟು ದಾರಿಯಲ್ಲೇ ತಡೆದು ನಿಲ್ತಿದೆ. ಎಂಜಿನ್ನಿನಿಂದ ಕಾರಿನ ಮೈಗೆ (ಬಾಡಿ) ಹೋಗೋ ಅರ್ಥ್ ಪಟ್ಟಿ ತುಕ್ಕು ಹಿಡಿದಿರಬೇಕು. ಬೆಳಿಗ್ಗೆ ಎಂಜಿನ್ ಆಯಿಲ್ ದಪ್ಪ ಇರುತ್ತೆ, ಸ್ಟಾರ್ಟರ್ ಜಾಸ್ತಿ ಕರೆಂಟು ಎಳೆಯುತ್ತೆ, ತುಕ್ಕಿನ ಜಾಗದಲ್ಲಿ ಅಷ್ಟೂ ವೋಲ್ಟ್ ಸೋರುತ್ತೆ. ಮಧ್ಯಾಹ್ನ ಆಯಿಲ್ ತೆಳು, ಅದಕ್ಕೇ ಆಗ ತೊಂದರೆ ಗೊತ್ತಾಗಲ್ಲ.

ಬ್ಯಾಟರಿ ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪಟ್ಟಿಯ ಎರಡೂ ತುದಿ ಬಿಚ್ಚಿ, ಬಣ್ಣ–ತುಕ್ಕು ಹೋಗಿ ಲೋಹ ಹೊಳೆಯೋ ತನಕ ಮರಳು ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ. ಎಳೆಗಳು ಹಸಿರಾಗಿ ಉದುರ್ತಾ ಇದ್ದರೆ ಪಟ್ಟಿಯನ್ನೇ ಬದಲಿಸಿ.

ಕಾಳಿ ತೀರ

ಹೊರಗಾಳಿ ಇಟ್ಟು ನೋಡಿದೆ, ಸದಾಶಿವಗಡ ಸೇತುವೆ ಮೇಲೂ ಗಾಜು ತಿಳಿ ಇತ್ತು. ನಮ್ಮ ಉಪ್ಪುಗಾಳಿಗೆ ಆ ಪಟ್ಟಿ ನಮ್ಮ ಕಾರಲ್ಲೂ ನೋಡಿಸ್ತೇನೆ.

ಹುಲೇಕಲ್ ಕಡೆಯವ

ಪಟ್ಟಿ ಅರ್ಧಕ್ಕರ್ಧ ತುಂಡಾಗಿತ್ತು. ಹೊಸದು ಹಾಕಿದ ಮೇಲೆ 1.8 ಇದ್ದದ್ದು 0.2ಕ್ಕೆ ಬಂತು, ಸೆಲ್ಫ್ ಮಧ್ಯಾಹ್ನದ ಹಾಗೆ ತಿರುಗುತ್ತೆ. ಗಾಜೂ ಕೆಳಗೆ ಕರಾವಳಿಯ ದೀವಗಿ ತನಕ ತಿಳಿ. ಆದರೆ ಬೆಳಗಿನ ಬಿಳಿ ಹೊಗೆ, ನಡುಕ ಇನ್ನೂ ಸ್ವಲ್ಪ ಇದೆ. ಟೈರು, ಲೈಟು ಏನಾದರೂ ನೋಡಬೇಕಾ?

ಹಳೇ ಗ್ಯಾರೇಜು

ಟೈರ್ ಗಾಳಿ ಬೆಳಿಗ್ಗೆ ಓಡಿಸೋ ಮೊದಲು ನೋಡಿ. ಸುಮಾರು 5–6 ಡಿಗ್ರಿ ತಣ್ಣಗಾದರೆ 1 ಪಿಎಸ್‌ಐ ಇಳಿಯುತ್ತೆ, ಮಧ್ಯಾಹ್ನ ತುಂಬಿಸಿದ್ದು ಬೆಳಿಗ್ಗೆ ಕಡಿಮೆ ಇರುತ್ತೆ. ಮಂಜಿನಲ್ಲಿ ಡಿಮ್ ಲೈಟೇ ಇಡಿ, ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ತಾಗಿ ನಿಮ್ಮ ಕಣ್ಣಿಗೇ ವಾಪಸ್ ಬರುತ್ತೆ.

ಉಳಿದ ಹೊಗೆ ಪೂರ್ತಿ ಉರಿಯದ ಡೀಸೆಲ್. ಸ್ಟಾರ್ಟ್ ಆಗೋವಾಗ ಎಂಜಿನ್ನಿನ ಒಳಗನ್ನು ಬಿಸಿ ಮಾಡೋ ಹೀಟರ್ ಪ್ಲಗ್ ಒಂದೆರಡು ಹೋಗಿರೋ ಹಾಗಿದೆ. ವೈರ್ ಬಿಚ್ಚಿ ಪ್ರತಿ ಪ್ಲಗ್ಗಿನ ಓಮ್ ನೋಡಿ. ಚೆನ್ನಾಗಿರೋದು 1 ಓಮ್ ಆಸುಪಾಸು ತೋರಿಸುತ್ತೆ, ಸುಟ್ಟಿದ್ದು ಏನೂ ತೋರಿಸಲ್ಲ. ನೋಡೋದು ನೀವೇ ಮಾಡಿ, ಪ್ಲಗ್ ಬಿಚ್ಚೋದು ಮಾತ್ರ ಬೇಡ. ಇಷ್ಟು ವರ್ಷದ ಪ್ಲಗ್ ಮಸಿ ಹಿಡಿದು ಕಚ್ಚಿಕೊಂಡಿರುತ್ತೆ, ತಣ್ಣಗಿರೋವಾಗ ಜೋರು ಮಾಡಿದರೆ ಎಂಜಿನ್ನಿನ ಮೇಲ್ಭಾಗದ ಹೆಡ್ಡಿನೊಳಗೇ ಮುರಿಯುತ್ತೆ, ಆಮೇಲೆ ಹೆಡ್ಡೇ ಇಳಿಸಬೇಕಾಗಬಹುದು. ಹಿಂದಿನ ರಾತ್ರಿ ಬುಡಕ್ಕೆ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು, ಮರುದಿನ ಶಿರಸಿ ಪೇಟೆ ತನಕ ಓಡಿಸಿಕೊಂಡು ಹೋಗಿ, ಎಂಜಿನ್ ಬಿಸಿ ಇರೋವಾಗಲೇ ತೆಗೆಸಿ. ಮೆಕ್ಯಾನಿಕ್ ಅವಸರ ಮಾಡಿದರೆ ತಡೀರಿ.